ಪೇಸ್‌ಮೇಕರ್ ಇದ್ದವರಿಗೆ ಹೃದಯದ ಎಂಆರ್‌ಐ: ಮಾಡಿಸಬೇಕೋ, ಬೇರೆ ಪರೀಕ್ಷೆ ಸಾಕೋ, ಎಲ್ಲಿ ಮಾಡಿಸಬೇಕು

"ಪೇಸ್‌ಮೇಕರ್ ಕೂಡಿಸ್ಯಾರ್ರೀ, ಎಂಆರ್‌ಐ ನಡೀತೈತೇನ್ರೀ?" ಸ್ಕ್ಯಾನ್ ಸೆಂಟರ್‌ಗೆ ಫೋನ್ ಮಾಡಿ ಹೀಗೆ ಕೇಳಿದವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. "ಆಗೂದಿಲ್ರೀ" ಎನ್ನುವುದು ಒಂದು. "ಎಂಆರ್‌ಐ ಕಂಪ್ಯಾಟಿಬಲ್ ಇದ್ರ ಬರ್ರಿ" ಎನ್ನುವುದು ಇನ್ನೊಂದು. ಮೊದಲನೆಯದು ಇಪ್ಪತ್ತು ವರ್ಷದ ಹಿಂದಿನ ನಿಯಮ. ಎರಡನೆಯದು ಎದೆಯೊಳಗಿನ ತಂತಿಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಸರಿಯಾದ ಉತ್ತರಕ್ಕೆ ಮೂರು ಸಂಗತಿ ಗೊತ್ತಿರಬೇಕು: ವೈದ್ಯರಿಗೆ ತಿಳಿಯಬೇಕಾದದ್ದು ಏನು, ಎದೆಯೊಳಗೆ ಇರುವುದೆಲ್ಲ ಏನೇನು, ಸ್ಕ್ಯಾನ್ ದಿನ ಪ್ರೋಗ್ರಾಮರ್ (ಹೊರಗಿನಿಂದಲೇ ಸಾಧನದ ಸೆಟ್ಟಿಂಗ್ ಬದಲಿಸುವ ಯಂತ್ರ) ಹಿಡಿದು ನಿಲ್ಲುವವರು ಯಾರು.

ಮೊದಲಿಗೆ ಒಂದು ಗೊಂದಲ ಬಗೆಹರಿಯಲಿ. ಹೃದಯದ ರಕ್ತನಾಳಕ್ಕೆ ಹಾಕಿದ ಸ್ಟೆಂಟ್, ಬದಲಿಸಿದ ಕವಾಟ ಇವು ಬೇರೆ ಲೆಕ್ಕ. ಅವುಗಳಲ್ಲಿ ಬ್ಯಾಟರಿ ಇಲ್ಲ, ಉದ್ದನೆಯ ತಂತಿ ಇಲ್ಲ. 3 ಟೆಸ್ಲಾವರೆಗಿನ (ಟೆಸ್ಲಾ ಎಂದರೆ ಕಾಂತಬಲದ ಅಳತೆ) ಯಂತ್ರದಲ್ಲಿ ಅವಕ್ಕೆ ಸಾಮಾನ್ಯವಾಗಿ ತೊಂದರೆಯಾಗದು, ಸ್ಟೆಂಟ್ ಹಾಕಿದ ಮೇಲೆ ವಾರಗಟ್ಟಲೆ ಕಾಯಬೇಕೆಂದೂ ಇಲ್ಲ. ಈ ಬರಹ ಪೇಸ್‌ಮೇಕರ್, ಐಸಿಡಿ (ಲಯ ಅಪಾಯಕಾರಿಯಾಗಿ ಕೆಟ್ಟಾಗ ಶಾಕ್ ಕೊಡುವ ಸಾಧನ), ಸಿಆರ್‌ಟಿ (ದುರ್ಬಲ ಹೃದಯದ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ಸಾಧನ) ಇದ್ದವರಿಗಾಗಿ.

ಯಾವ ಪ್ರಶ್ನೆಗೆ ಯಾವ ಪರೀಕ್ಷೆ

ಹೃದಯ ಎಷ್ಟು ಬಲವಾಗಿ ಒತ್ತುತ್ತಿದೆ, ಕವಾಟ ಸೋರುತ್ತಿದೆಯೇ, ಸುತ್ತ ನೀರು ತುಂಬಿದೆಯೇ ಎಂಬುದಕ್ಕೆ ಎಕೋ (ಹೃದಯದ ಅಲ್ಟ್ರಾಸೌಂಡ್) ಸಾಕು. ಬಾಗಲಕೋಟೆಯಲ್ಲೇ ಎಕೋ ಮಾಡಿಸಿ ಉತ್ತರ ಸಿಗುವಾಗ ಎಂಆರ್‌ಐಗಾಗಿ ಊರೂರು ಅಲೆಯಬೇಡಿ. ರಕ್ತನಾಳ ಕಟ್ಟಿದೆಯೇ ಎಂಬುದು ಸಿ.ಟಿ. ಆಂಜಿಯೋ ಅಥವಾ ನೇರ ಆಂಜಿಯೋಗ್ರಾಮ್ ಹೇಳುವ ಮಾತು. ಸಿ.ಟಿ.ಗೆ ಸುಮಾರು 60ರಿಂದ 80 ಮಿಲಿಲೀಟರ್ ಅಯೋಡಿನ್ ಔಷಧಿ ರಕ್ತನಾಳಕ್ಕೆ ಹೋಗುತ್ತದೆ, ಆದ್ದರಿಂದ ಮೂತ್ರಪಿಂಡದ ವರದಿ ಮೊದಲೇ ಬೇಕು. ಐಸಿಡಿಯ ದಪ್ಪ ಶಾಕ್ ಕಾಯಿಲ್ ಸಿ.ಟಿ. ಚಿತ್ರದಲ್ಲೂ ಗೆರೆ ಎಳೆಯುತ್ತದೆ. ಅದು ಚಿತ್ರದ ತೊಂದರೆ, ರೋಗಿಗೆ ಅಪಾಯವಿಲ್ಲ.

ಪೇಸ್‌ಮೇಕರ್ ಇಟ್ಟ ಜಾಗ ಕೆಂಪಾಗಿ ಕೀವು ಬಂದಿದೆ, ಜ್ವರ ಬಿಡುತ್ತಿಲ್ಲ ಎನ್ನುವವರಿಗೆ ಎಂಆರ್‌ಐ ಉಪಯೋಗವಿಲ್ಲ. ರಕ್ತದ ಕಲ್ಚರ್, ಅನ್ನನಾಳದ ಮೂಲಕ ಮಾಡುವ ಎಕೋ, ಬೇಕಾದರೆ ಪೆಟ್ ಸಿ.ಟಿ. (ಗ್ಲೂಕೋಸ್ ಎಲ್ಲಿ ಹೆಚ್ಚು ಬಳಕೆಯಾಗುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಅಲ್ಲಿ ಕೆಲಸಕ್ಕೆ ಬರುತ್ತವೆ. ಅಮಿಲಾಯ್ಡ್ (ಹೃದಯದ ಸ್ನಾಯುವಿನಲ್ಲಿ ಅಸಹಜ ಪ್ರೋಟೀನ್ ಶೇಖರವಾಗುವ ರೋಗ) ಸಂಶಯವಿದ್ದರೆ ಟೆಕ್ನೀಶಿಯಂ ಪೈರೋಫಾಸ್ಫೇಟ್ ಸ್ಕ್ಯಾನ್ ಜೊತೆಗೆ ರಕ್ತ ಮತ್ತು ಮೂತ್ರದಲ್ಲಿ ಲೈಟ್ ಚೈನ್ ಪ್ರೋಟೀನ್ ಪರೀಕ್ಷೆ ಮಾಡಿಸಿದರೆ ಎಷ್ಟೋ ಬಾರಿ ಎಂಆರ್‌ಐ ಇಲ್ಲದೆಯೇ ನಿರ್ಧಾರ ಸಾಧ್ಯ. ಸಾರ್ಕಾಯ್ಡ್ ರೋಗದಲ್ಲಿ ಉರಿಯೂತ ಈಗ ಚುರುಕಾಗಿದೆಯೇ, ಮಾತ್ರೆಗೆ ಇಳಿದಿದೆಯೇ ಎಂದು ನೋಡಲು ಪೆಟ್ ಸ್ಕ್ಯಾನ್ ಮೇಲು. ಆದರೆ ಅದರ ಪಥ್ಯ ಕಟ್ಟುನಿಟ್ಟು. ಹಿಂದಿನ ದಿನ ಕನಿಷ್ಠ ಎರಡು ಊಟ ಪೂರ್ತಿ ಕೊಬ್ಬಿನದಾಗಿರಬೇಕು (ಪನೀರ್, ತುಪ್ಪ, ಮೊಟ್ಟೆ), ಆಮೇಲೆ ರಾತ್ರಿಯಿಡೀ ಉಪವಾಸ. ನಡುವೆ ಒಂದು ಜೋಳದ ರೊಟ್ಟಿ ತಿಂದರೂ, ಸಕ್ಕರೆ ಹಾಕಿದ ಚಹಾ ಕುಡಿದರೂ ಹೃದಯದ ಸ್ನಾಯು ಗ್ಲೂಕೋಸ್ ಹೀರಿಕೊಂಡು ಇಡೀ ಚಿತ್ರ ಬೆಳಗಿಬಿಡುತ್ತದೆ, ರೋಗ ಎಲ್ಲಿ ಎಂದು ಓದಲಾಗದು.

ಹಾಗಾದರೆ ಎಂಆರ್‌ಐಗೆ ಸಾಟಿಯಿಲ್ಲದ ಜಾಗ ಯಾವುದು? ಹೃದಯದ ಸ್ನಾಯುವಿನಲ್ಲಿ ಗಾಯದ ಕಲೆ ಎಲ್ಲಿದೆ, ಎಷ್ಟು ಆಳ, ಒಳಪದರದಲ್ಲೋ ಹೊರಪದರದಲ್ಲೋ ಎಂದು ತೋರಿಸುವುದು. ಐಸಿಡಿ ಮತ್ತೆ ಮತ್ತೆ ಶಾಕ್ ಕೊಡುತ್ತಿದೆ, ಅಬ್ಲೇಶನ್ (ಲಯ ಕೆಡಿಸುವ ಜಾಗವನ್ನು ಸುಟ್ಟು ಸರಿಪಡಿಸುವುದು) ಮಾಡಬೇಕು ಎಂದಾಗ ಈ ನಕ್ಷೆ ವೈದ್ಯರಿಗೆ ಬಹಳ ಬೆಲೆಯದ್ದು. ಕಾರಣ ತಿಳಿಯದ ಹೃದಯ ದೌರ್ಬಲ್ಯ, ಮಯೋಕಾರ್ಡೈಟಿಸ್ (ಹೃದಯದ ಸ್ನಾಯುವಿನ ಉರಿಯೂತ) ಸಂಶಯ, ಹುಟ್ಟಿನಿಂದ ಬಂದ ಸ್ನಾಯು ರೋಗ ಇವೂ ಅದೇ ಸಾಲಿನವು. ಎಂಆರ್‌ಐ ಬರೆದುಕೊಟ್ಟ ವೈದ್ಯರನ್ನು "ಇದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗ್ತದ?" ಎಂದು ಕೇಳುವುದು ನಿಮ್ಮ ಹಕ್ಕು. ಸ್ಪಷ್ಟ ಉತ್ತರ ಬಂದರೆ ಮುಂದಿನ ತಯಾರಿಯೆಲ್ಲ ಸಾರ್ಥಕ.

ಬ್ಯಾಟರಿ ಮತ್ತು ತಂತಿ ಸೇರಿ ಒಂದು ವ್ಯವಸ್ಥೆ

ಊರ ಕಡೆ 'ಬ್ಯಾಟರಿ' ಎಂದೇ ಕರೆಯುವ ಜನರೇಟರ್ ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಇರುತ್ತದೆ. ಅದರಿಂದ ಹೊರಟ ಲೀಡ್ ತಂತಿ ರಕ್ತನಾಳದೊಳಗೆ ಇಳಿದು ಹೃದಯ ಸೇರುತ್ತದೆ. ಎಂಆರ್‌ಐ ಯಂತ್ರ ಹೊರಡಿಸುವ ರೇಡಿಯೋ ಅಲೆಗಳನ್ನು ಈ ತಂತಿ ಆಂಟೆನಾದ ಹಾಗೆ ಹಿಡಿಯುತ್ತದೆ, ಆ ಶಕ್ತಿ ತಂತಿಯ ತುದಿಯಲ್ಲಿ ಶಾಖವಾಗಿ ಇಳಿಯುತ್ತದೆ. ತುದಿ ಕೂತಿರುವುದು ಹೃದಯದ ಸ್ನಾಯುವಿನಲ್ಲೇ. ಅಲ್ಲಿ ಸ್ವಲ್ಪ ಸುಟ್ಟರೂ ಹೃದಯ ಬಡಿಸಲು ಬೇಕಾದ ವೋಲ್ಟೇಜ್ ಏರುತ್ತದೆ. ಹಾಗಾಗಿ ಜನರೇಟರ್ ಮೇಲೆ ಏನು ಬರೆದಿದ್ದರೂ ತಂತಿಯ ಮಾಡೆಲ್ ಗೊತ್ತಾಗದೆ ಯಾರೂ ಹೂಂ ಎನ್ನಬಾರದು.

'ಎಂಆರ್ ಕಂಡೀಶನಲ್' ಎಂದರೆ ಕಂಪನಿ ಹೇಳಿದ ಷರತ್ತಿನೊಳಗೆ ಮಾತ್ರ ಸುರಕ್ಷಿತ ಎಂದರ್ಥ. ಮೆಡ್‌ಟ್ರಾನಿಕ್‌ನವರು ಇದನ್ನು ಶೂರ್‌ಸ್ಕ್ಯಾನ್, ಬಾಸ್ಟನ್ ಸೈಂಟಿಫಿಕ್‌ನವರು ಇಮೇಜ್‌ರೆಡಿ, ಬಯೋಟ್ರಾನಿಕ್‌ನವರು ಪ್ರೋಎಂಆರ್‌ಐ ಎಂಬ ಹೆಸರಿನಲ್ಲಿ ಮಾರುತ್ತಾರೆ. ಒಂದು ಕಂಪನಿಯ ಜನರೇಟರ್‌ಗೆ ಇನ್ನೊಂದು ಕಂಪನಿಯ ತಂತಿ ಜೋಡಿಸಿದ್ದರೆ, ಎರಡೂ ಬಿಡಿಬಿಡಿಯಾಗಿ ಕಂಡೀಶನಲ್ ಆಗಿದ್ದರೂ ಜೋಡಿಗೆ ಆ ಮುದ್ರೆ ಇಲ್ಲ. ಹತ್ತು ವರ್ಷದ ಹಿಂದೆ ಕೂಡಿಸಿದವರು ಬ್ಯಾಟರಿ ಮುಗಿದು ಜನರೇಟರ್ ಮಾತ್ರ ಬದಲಿಸಿಕೊಂಡಾಗ ಆಗುವುದು ಇದೇ: ಹೊಸ ಕಾರ್ಡ್‌ನಲ್ಲಿ ಎಂಆರ್‌ಐ ಎಂದಿರುತ್ತದೆ, ಒಳಗಿನ ತಂತಿ ಹಳೆಯದು.

ಷರತ್ತುಗಳು ಕಂಪನಿಗೊಂದು, ಮಾಡೆಲ್‌ಗೊಂದು. ಆದರೂ ಸಾಮಾನ್ಯವಾಗಿ ಕಾಣುವವು ಇವು. ಕೂಡಿಸಿ ಆರು ವಾರ ಕಳೆದಿರಬೇಕು. ಜನರೇಟರ್ ಎದೆಯ ಭಾಗದಲ್ಲಿರಬೇಕು. ಬ್ಯಾಟರಿ ಬದಲಿಸುವ ಹಂತಕ್ಕೆ ಬಂದಿರಬಾರದು. ಥ್ರೆಶ್‌ಹೋಲ್ಡ್, ಅಂದರೆ ಹೃದಯ ಬಡಿಸಲು ಬೇಕಾದ ಕನಿಷ್ಠ ವೋಲ್ಟೇಜ್, 0.4 ಮಿಲಿಸೆಕೆಂಡ್‌ನ ಹೊಡೆತದಲ್ಲಿ 2 ವೋಲ್ಟ್ ದಾಟಬಾರದು. ಮುರಿದ ತಂತಿ, ಬಳಸದೆ ಒಳಗೇ ಬಿಟ್ಟ ತಂತಿ, ಜೋಡಣೆಯ ಅಡಾಪ್ಟರ್, ಹೃದಯದ ಹೊರಮೈಗೆ ಹೊಲಿದ ತಂತಿ ಇವು ಯಾವುವೂ ಇರಬಾರದು. ಹೃದಯದ ಎಂಆರ್‌ಐ ಮಾಡಿಸುವವರು ಇನ್ನೂ ಒಂದನ್ನು ನೋಡಲೇಬೇಕು. ಮೊದಮೊದಲು ಬಂದ ಕೆಲವು ಕಂಡೀಶನಲ್ ಸಾಧನಗಳಲ್ಲಿ ತಲೆ, ಸೊಂಟ, ಮೊಣಕಾಲಿಗೆ ಒಪ್ಪಿಗೆ ಇತ್ತು, ಎದೆಗೆ ಇರಲಿಲ್ಲ. 2011ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ರೆವೋ ಪೇಸ್‌ಮೇಕರ್ ಕೂಡ ಹಾಗೆಯೇ. ಹೋದ ವರ್ಷ ಮಿದುಳಿನ ಎಂಆರ್‌ಐ ಸುಸೂತ್ರವಾಗಿ ಆಯಿತು ಎಂಬುದು ಹೃದಯದ ಎಂಆರ್‌ಐಗೆ ಪರವಾನಗಿಯಾಗದು.

ಕಾರ್ಡ್ ಕಳೆದುಹೋಗಿದ್ದರೆ? ಕೂಡಿಸಿದ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಜನರೇಟರ್ ಮತ್ತು ಪ್ರತಿ ತಂತಿಯ ಸ್ಟಿಕರ್ ಅಂಟಿಸಿರುತ್ತಾರೆ, ಅದನ್ನು ಹುಡುಕಿ. ಅದೂ ಇಲ್ಲದಿದ್ದರೆ ಎದೆಯ ಎಕ್ಸ್-ರೇ ತೆಗೆಸಿ. ಜನರೇಟರ್ ಮೇಲಿನ ಗುರುತು ಅದರಲ್ಲಿ ಕಾಣುತ್ತದೆ, ಅದರಿಂದ ಕಂಪನಿ ಗೊತ್ತಾಗುತ್ತದೆ. ಕಾರ್ಡ್ ಇದ್ದವರೂ ಎಕ್ಸ್-ರೇ ತೆಗೆಸುವುದು ಒಳ್ಳೆಯದು. ಬಿಟ್ಟುಹೋದ ತಂತಿಯ ತುಂಡಿನ ಬಗ್ಗೆ ಕಾರ್ಡ್‌ನಲ್ಲಿ ಬರೆದಿರುವುದಿಲ್ಲ.

ಕಂಡೀಶನಲ್ ಅಲ್ಲದ ಹಳೆಯ ಸಾಧನ ಇದ್ದರೆ

ಇಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಮ್ಯಾಗ್ನಾಸೇಫ್ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹಳೆಯ ಪೇಸ್‌ಮೇಕರ್ ಇದ್ದವರಲ್ಲಿ 1000, ಐಸಿಡಿ ಇದ್ದವರಲ್ಲಿ 500 ಸ್ಕ್ಯಾನ್‌ಗಳನ್ನು 1.5 ಟೆಸ್ಲಾದಲ್ಲಿ ಮಾಡಿದರು. ಯಾರೂ ಸಾಯಲಿಲ್ಲ, ತಂತಿ ಕೆಡಲಿಲ್ಲ. ಒಂದು ಐಸಿಡಿ ಕೆಟ್ಟು ಬದಲಿಸಬೇಕಾಯಿತು, ಅದರಲ್ಲಿ ಶಾಕ್ ಚಿಕಿತ್ಸೆಯನ್ನು ಆಫ್ ಮಾಡದೆಯೇ ರೋಗಿಯನ್ನು ಒಳಗೆ ಕಳಿಸಿದ್ದರು. ಆದರೆ ಆ ಅಧ್ಯಯನದಲ್ಲಿ ಎದೆಯ ಸ್ಕ್ಯಾನ್ ಸೇರಿರಲಿಲ್ಲ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ 1509 ಜನರ 2103 ಸ್ಕ್ಯಾನ್‌ಗಳಿದ್ದವು, ಎದೆಯವೂ ಇದ್ದವು. ಒಂಬತ್ತು ಸ್ಕ್ಯಾನ್‌ಗಳಲ್ಲಿ ಸಾಧನ ತಾನಾಗಿಯೇ ರೀಸೆಟ್ ಆಯಿತು. ಅವುಗಳಲ್ಲಿ ಒಂದು ಪೇಸ್‌ಮೇಕರ್‌ನ ಬ್ಯಾಟರಿ ಒಂದು ತಿಂಗಳೊಳಗೆ ಮುಗಿಯುವುದಿತ್ತು. ಅದು ಮತ್ತೆ ಪ್ರೋಗ್ರಾಮ್‌ಗೆ ಒಗ್ಗಲೇ ಇಲ್ಲ, ಬದಲಿಸಬೇಕಾಯಿತು. ಬ್ಯಾಟರಿ ಕೊನೆಯ ಹಂತದಲ್ಲಿದ್ದರೆ ಮೊದಲು ಅದನ್ನು ಬದಲಿಸಿ, ಸ್ಕ್ಯಾನ್ ಆಮೇಲೆ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

2017ರಲ್ಲಿ ಹೃದಯ ಲಯದ ತಜ್ಞರ ಸಂಘವಾದ ಹಾರ್ಟ್ ರಿದಮ್ ಸೊಸೈಟಿ ಹೊರಡಿಸಿದ ಸಲಹೆಯೂ ಇದೇ ದಾರಿಯದು: ಎಂಆರ್‌ಐ ಬಿಟ್ಟರೆ ಬೇರೆ ಒಳ್ಳೆಯ ಪರೀಕ್ಷೆ ಇಲ್ಲದಾಗ, ಮುರಿದ ಅಥವಾ ಬಿಟ್ಟ ತಂತಿ ಇಲ್ಲದಾಗ, ಆಸ್ಪತ್ರೆಯಲ್ಲಿ ಬರೆದಿಟ್ಟ ಕ್ರಮ ಮತ್ತು ಹೊಣೆಗಾರ ತಂಡ ಇದ್ದಾಗ ಮಾಡಬಹುದು. ಈ ಷರತ್ತಿನ ಭಾರ ಇರುವುದು ಕೊನೆಯ ಮಾತಿನಲ್ಲಿ. ಹೊರಗಿನಿಂದ ಪೇಸಿಂಗ್ (ವಿದ್ಯುತ್ ಹೊಡೆತದಿಂದ ಹೃದಯ ಬಡಿಸುವುದು) ಕೊಡಬಲ್ಲ ವೈದ್ಯರು ಬಾಗಿಲ ಹೊರಗೇ ನಿಂತಿರದ ಸೆಂಟರ್‌ನಲ್ಲಿ ಹಳೆಯ ಸಾಧನದವರ ಸ್ಕ್ಯಾನ್ ಬೇಡ. ಎಂಆರ್‌ಐ ಮಾಡುವುದಕ್ಕೆಂದೇ ಹಳೆಯ ತಂತಿ ಕೀಳಿಸಿ ಹೊಸದು ಹಾಕಿಸುವುದು ಇನ್ನೂ ದೊಡ್ಡ ಅಪಾಯ, ಬಲವಾದ ಬೇರೆ ಕಾರಣವಿಲ್ಲದೆ ಅದಕ್ಕೆ ಒಪ್ಪಬೇಡಿ. ಕಾಲಿನ ಅಥವಾ ಕುತ್ತಿಗೆಯ ರಕ್ತನಾಳದಿಂದ ತಾತ್ಕಾಲಿಕ ತಂತಿ ಹಾಕಿ ಹೊರಗಿನ ಪೆಟ್ಟಿಗೆಗೆ ಜೋಡಿಸಿದವರಿಗಂತೂ ಎಂಆರ್‌ಐ ಇಲ್ಲವೇ ಇಲ್ಲ.

1.5 ಟೆಸ್ಲಾ, 3 ಟೆಸ್ಲಾ, 'ಓಪನ್' ಯಂತ್ರ

ಸಾಧನ ಇದ್ದವರ ಹೃದಯಕ್ಕೆ 1.5 ಟೆಸ್ಲಾ ಆರಿಸಿ. 3 ಟೆಸ್ಲಾ ಹೊಸದು, ಚಿತ್ರ ಇನ್ನೂ ಸ್ಪಷ್ಟ ಎಂದು ಹೇಳುವುದು ಮಿದುಳು, ಕೀಲುಗಳ ಮಟ್ಟಿಗೆ ನಿಜ. ಲೋಹದ ಸುತ್ತ ಚಿತ್ರ ಕೆಡುವುದು ಮಾತ್ರ ಕಾಂತಬಲ ಏರಿದಷ್ಟೂ ಹೆಚ್ಚು. ಶಾಖದ ಲೆಕ್ಕ ಬೇರೆ ಥರ: 1.5 ಟೆಸ್ಲಾದಲ್ಲಿ ರೇಡಿಯೋ ಅಲೆ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ ಅದರ ಎರಡರಷ್ಟು, ತಂತಿ ಎಷ್ಟು ಉದ್ದ ಎಂಬುದರ ಮೇಲೆ ಯಾವುದು ಹೆಚ್ಚು ಕಾಯಿಸುತ್ತದೆ ಎಂದು ನಿರ್ಧಾರವಾಗುತ್ತದೆ. ಹಾಗಾಗಿ ಒಂದಕ್ಕೆ ಒಪ್ಪಿಗೆ ಇದ್ದರೆ ಇನ್ನೊಂದಕ್ಕೂ ಇದೆ ಎಂದು ಊಹಿಸಬಾರದು. ಕಡಿಮೆ ಬಲದ ಓಪನ್ ಯಂತ್ರ ಸುರಕ್ಷಿತ ಎಂಬ ನಂಬಿಕೆಯೂ ತಪ್ಪು. ಸಾಮಾನ್ಯವಾಗಿ ಸಾಧನದ ಒಪ್ಪಿಗೆ ಆ ಯಂತ್ರಗಳಿಗೆ ಇರುವುದಿಲ್ಲ, ಬಡಿಯುತ್ತಿರುವ ಹೃದಯದ ಚಿತ್ರಕ್ಕೆ ಅವುಗಳ ಬಲವೂ ಸಾಲದು.

ಚಿತ್ರ ಕೆಡುವುದು ಎಲ್ಲಿ, ಸರಿಪಡಿಸುವುದು ಹೇಗೆ

ಸ್ಕ್ಯಾನ್ ಸುರಕ್ಷಿತವಾಗಿ ಮುಗಿದರೂ ಚಿತ್ರ ಓದಲಾಗದೆ ಹಣ, ದಿನ ಎರಡೂ ಹಾಳಾಗುವುದು ಸಾಮಾನ್ಯ. ಎಡಗಡೆ ಇಟ್ಟ ಐಸಿಡಿಯದು ಅತಿ ಕಷ್ಟದ ಪಾಡು, ಏಕೆಂದರೆ ಅದು ದೊಡ್ಡದು, ಹೃದಯದ ಮುಂಗೋಡೆಗೆ ಹತ್ತಿರ. ಪಕ್ಕೆಲುಬಿನ ಎಡ ಪಕ್ಕದಲ್ಲಿ ಚರ್ಮದಡಿ ಇಡುವ ಸಬ್‌ಕ್ಯುಟೇನಿಯಸ್ ಐಸಿಡಿ ಕೂಡ ಹಾಗೆಯೇ. ಸಾಮಾನ್ಯ ಪೇಸ್‌ಮೇಕರ್‌ನಲ್ಲಿ ತೊಂದರೆ ಕಡಿಮೆ, ಬಲಗಡೆ ಇಟ್ಟಿದ್ದರೆ ಇನ್ನೂ ಕಡಿಮೆ. ಹೃದಯದೊಳಗೇ ಕೂರಿಸುವ ತಂತಿ ಇಲ್ಲದ ಪೇಸ್‌ಮೇಕರ್‌ನಲ್ಲಿ ಅದರ ಸುತ್ತ ಒಂದು ಕಪ್ಪು ಮಚ್ಚೆ ಅಷ್ಟೇ.

ಗಾಯದ ಕಲೆ ನೋಡಲು ಗ್ಯಾಡೋಲಿನಿಯಂ ಔಷಧಿ ಕೊಡುತ್ತಾರೆ, ದೇಹದ ತೂಕದ ಪ್ರತಿ ಕಿಲೋಗೆ 0.1ರಿಂದ 0.2 ಮಿಲಿಮೋಲ್. ಹತ್ತರಿಂದ ಇಪ್ಪತ್ತು ನಿಮಿಷ ಬಿಟ್ಟು, ಆರೋಗ್ಯವಂತ ಸ್ನಾಯು ಕಪ್ಪಾಗಿಯೂ ಕಲೆ ಬೆಳ್ಳಗೂ ಕಾಣುವಂತೆ ರೇಡಿಯೋ ಅಲೆಯ ಒಂದು ಹೊಡೆತ (ಇನ್ವರ್ಶನ್ ಪಲ್ಸ್) ಕೊಟ್ಟು ಚಿತ್ರ ತೆಗೆಯುತ್ತಾರೆ. ಸಾಮಾನ್ಯ ಪಲ್ಸ್ ಸುಮಾರು 1 ಕಿಲೋಹರ್ಟ್ಸ್ ಅಗಲದ್ದು. ಐಸಿಡಿಯ ಹತ್ತಿರದ ಸ್ನಾಯುವಿನ ಆವರ್ತನ ಅದಕ್ಕಿಂತ ದೂರ ಸರಿದಿರುವುದರಿಂದ ಪಲ್ಸ್ ಅದನ್ನು ಮುಟ್ಟುವುದೇ ಇಲ್ಲ. ಪರಿಣಾಮವಾಗಿ ಆರೋಗ್ಯವಂತ ಮುಂಗೋಡೆ ಬೆಳ್ಳಗೆ ಹೊಳೆದು ಗಾಯದಂತೆ ಕಾಣುತ್ತದೆ. ಇದನ್ನು ಗಾಯವೆಂದೇ ಓದಿದರೆ ಅಬ್ಲೇಶನ್ ತಪ್ಪು ಜಾಗಕ್ಕೆ ಹೋಗಬಹುದು. ವೈಡ್‌ಬ್ಯಾಂಡ್ ಪಲ್ಸ್, ಸುಮಾರು 3.8 ಕಿಲೋಹರ್ಟ್ಸ್ ಅಗಲದ್ದು, ಈ ಸುಳ್ಳು ಹೊಳಪನ್ನು ಬಹುಮಟ್ಟಿಗೆ ಅಳಿಸುತ್ತದೆ. ಐಸಿಡಿ ಇದ್ದವರು ಸೆಂಟರ್ ಆರಿಸುವಾಗ "ವೈಡ್‌ಬ್ಯಾಂಡ್ ಎಲ್‌ಜಿಇ ಇದೆಯಾ?" ಎಂದು ಕೇಳಿ (ಎಲ್‌ಜಿಇ ಎಂದರೆ ಗ್ಯಾಡೋಲಿನಿಯಂ ಕೊಟ್ಟು ತೆಗೆಯುವ ಈ ಕಲೆಯ ಚಿತ್ರ). ಇಲ್ಲ ಎಂದರೆ, ಹತ್ತಿರವಿದೆ ಎಂಬ ಕಾರಣಕ್ಕೆ ಅಲ್ಲೇ ಮಾಡಿಸಬೇಡಿ.

ಹೃದಯದ ಚಲನೆಯ ಚಿತ್ರಕ್ಕೆ ಸಾಮಾನ್ಯವಾಗಿ ಬಳಸುವ ಸ್ಟೆಡಿ ಸ್ಟೇಟ್ ಸೀಕ್ವೆನ್ಸ್ ಲೋಹದ ಹತ್ತಿರ ಕಪ್ಪು ಪಟ್ಟೆ ಎಬ್ಬಿಸುತ್ತದೆ. ಸ್ಪಾಯಿಲ್ಡ್ ಗ್ರೇಡಿಯೆಂಟ್ ಎಕೋಗೆ ಬದಲಿಸಿದರೆ ಮಸುಕಾದರೂ ಓದಲು ಬರುತ್ತದೆ. ಎಡಗೈ ತಲೆಯ ಮೇಲಕ್ಕೆತ್ತಿ ಮಲಗಿಸಿದರೆ ಜನರೇಟರ್ ಹೃದಯದಿಂದ ತುಸು ದೂರ ಸರಿಯುತ್ತದೆ, ಭುಜ ನೋವಿಲ್ಲದವರಲ್ಲಿ ಅದೂ ಸಹಾಯ. ಸ್ನಾಯುವಿನ ಊತ, ಕಲೆ ಅಳೆಯುವ ಟಿ1, ಟಿ2 ಮ್ಯಾಪಿಂಗ್ ಅಂಕಿಗಳನ್ನು ಸಾಧನದ ಹತ್ತಿರದ ಗೋಡೆಗಳಲ್ಲಿ ನಂಬಬೇಡಿ. ಮೂತ್ರಪಿಂಡದ ಇಜಿಎಫ್‌ಆರ್ (ರಕ್ತ ಶೋಧಿಸುವ ವೇಗದ ಅಂಕಿ) 30ಕ್ಕಿಂತ ಕಡಿಮೆ ಇದ್ದವರು ಗ್ಯಾಡೋಲಿನಿಯಂ ಬಗ್ಗೆ ಮೊದಲೇ ಮಾತಾಡಿ, ಅಪಾಯ ತೀರ ಕಡಿಮೆ ಇರುವ ಎರಡನೇ ಗುಂಪಿನ ಔಷಧಿ ಕೇಳಿ ಪಡೆಯಬೇಕು.

ಯಾವ ಮೋಡ್‌ಗೆ ಇಡಬೇಕು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಆಯ್ಕೆ ಇದು, ಹತ್ತು ನಿಮಿಷದಲ್ಲಿ ಪ್ರೋಗ್ರಾಮರ್ ಮುಂದೆ ತೀರ್ಮಾನವಾಗುವಂಥದ್ದು. ಸ್ವಂತ ಬಡಿತವೇ ಇಲ್ಲದ, ಪೇಸ್‌ಮೇಕರ್ ಮೇಲೆ ಪೂರ್ತಿ ಅವಲಂಬಿತರಾದವರಿಗೆ ಡಿಓಓ ಅಥವಾ ವಿಓಓ ಮೋಡ್ ಬೇಕು, ಅಂದರೆ ಸಾಧನ ಏನನ್ನೂ ಕೇಳಿಸಿಕೊಳ್ಳದೆ ಒಂದೇ ವೇಗದಲ್ಲಿ ಬಡಿಯುತ್ತಲೇ ಇರಬೇಕು. ಎಂದಿನ ಮೋಡ್‌ನಲ್ಲೇ ಒಳಗೆ ಹೋದರೆ ಯಂತ್ರದ ಅಲೆಗಳನ್ನು ಹೃದಯದ ಬಡಿತವೆಂದು ಎಣಿಸಿ ಸಾಧನ ಸುಮ್ಮನಾಗಿಬಿಡುತ್ತದೆ. ಆಗ ರೋಗಿ ಪ್ರಜ್ಞೆ ತಪ್ಪುತ್ತಾರೆ.

ಸ್ವಂತ ಬಡಿತ ಚೆನ್ನಾಗಿರುವವರಿಗೆ ಅದೇ ಡಿಓಓ ಅಪಾಯ ತರಬಹುದು. ಸಾಧನದ ಹೊಡೆತ ಹೃದಯ ಚೇತರಿಸಿಕೊಳ್ಳುವ ಟಿ ಅಲೆಯ ಮೇಲೆ ಬಿದ್ದರೆ ಲಯ ಕೆಡಬಹುದು. ಇವರಿಗೆ ಪೇಸಿಂಗ್ ಆಫ್ ಮಾಡುವುದು ಮೇಲು. ಡಿಓಓ ಬಿಟ್ಟರೆ ಗತಿಯಿಲ್ಲ ಎಂದಾಗ ಸ್ವಂತ ವೇಗಕ್ಕಿಂತ 10ರಿಂದ 20 ಹೆಚ್ಚಿಗೆ ಇಟ್ಟು ಪೈಪೋಟಿ ತಪ್ಪಿಸುತ್ತಾರೆ. ಐಸಿಡಿ ಇದ್ದವರಲ್ಲಿ ಶಾಕ್ ಕೊಡುವ ಚಿಕಿತ್ಸೆ ಆಫ್ ಆಗಲೇಬೇಕು. ಆಫ್ ಇದ್ದಷ್ಟು ಹೊತ್ತು ಅವರಿಗೆ ಕಾವಲು ಹೊರಗಿನ ಡಿಫಿಬ್ರಿಲೇಟರ್ ಮಾತ್ರ, ಆದ್ದರಿಂದ ಮೋಡ್ ಬದಲಾದ ಕ್ಷಣದಿಂದ ಮತ್ತೆ ಆನ್ ಆಗುವವರೆಗೆ ಇಸಿಜಿ ಮತ್ತು ಬೆರಳಿನ ಆಕ್ಸಿಮೀಟರ್ ಎರಡೂ ಇರಬೇಕು. ಸ್ಕ್ಯಾನ್ ನಡೆಯುವಾಗ ಇಸಿಜಿ ಗೀಟು ಕಲಸಿಹೋಗುತ್ತದೆ, ಬೆರಳಿನ ನಾಡಿ ಅಲೆಯೇ ನಂಬಿಕೆಯದು.

ಹತ್ತಿರದ ಸೆಂಟರೋ, ದೂರದ ಆಸ್ಪತ್ರೆಯೋ

ಬೆಳಗಾವಿಯಲ್ಲಿ ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಬಿಮ್ಸ್. ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು. ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ. ವಿಚಾರಣೆ ಇವುಗಳಿಂದ ಶುರುವಾಗಲಿ. ಅಲ್ಲಿ ಆಗದಿದ್ದರೆ ಬಾಗಲಕೋಟೆಯವರು ಹುಬ್ಬಳ್ಳಿಗೆ, ವಿಜಯಪುರದವರು ಸೊಲ್ಲಾಪುರಕ್ಕೆ ಅಥವಾ ಕಲಬುರಗಿಯ ಜಯದೇವಕ್ಕೆ, ಬೆಳಗಾವಿಯವರು ಪುಣೆಗೆ ಕೇಳುವುದು ರೂಢಿ. ದೂರ ನೋಡಿ ತೀರ್ಮಾನಿಸಬೇಡಿ, ಫೋನ್‌ನಲ್ಲಿ ಇಷ್ಟು ಕೇಳಿ: ಯಂತ್ರ ಎಷ್ಟು ಟೆಸ್ಲಾ? ಹೃದಯದ ಸಾಫ್ಟ್‌ವೇರ್ ಮತ್ತು ಕಾಯಿಲ್ ಇದೆಯೇ? ಹೃದಯದ ಎಂಆರ್‌ಐ ಓದುವ ರೇಡಿಯಾಲಜಿಸ್ಟ್ ಯಾರು? ಸ್ಕ್ಯಾನ್ ಹೊತ್ತಿಗೆ ಕಾರ್ಡಿಯಾಲಜಿಸ್ಟ್ ಅದೇ ಕಟ್ಟಡದಲ್ಲಿ ಇರುತ್ತಾರೆಯೇ?

ಪ್ರೋಗ್ರಾಮರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದರ ಸಾಧನದ ಜೊತೆ ಮಾತಾಡುವುದಿಲ್ಲ. ಆಸ್ಪತ್ರೆಯಲ್ಲಿ ನಿಮ್ಮ ಕಂಪನಿಯದು ಇಲ್ಲದಿದ್ದರೆ ಕಂಪನಿಯ ಟೆಕ್ನಿಷಿಯನ್ ತಂದುಕೊಡಬೇಕು. ಅವರ ದಿನ ಮೊದಲು ಗೊತ್ತುಮಾಡಿ, ಸ್ಕ್ಯಾನ್ ದಿನ ಆಮೇಲೆ. ಅವರು ಸ್ಕ್ಯಾನ್ ಮುಗಿದ ಮೇಲೂ ಇರಬೇಕೆಂದು ಖಚಿತಪಡಿಸಿಕೊಳ್ಳಿ, ಮೋಡ್ ಬದಲಿಸಿಟ್ಟು ಮುಂದಿನ ಊರಿಗೆ ಹೊರಟರೆ ನಡೆಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕಂಡು ರೆಫರಲ್, ಅನುಮತಿ ಬಗ್ಗೆ ಕೇಳಿ.

ಹೊಸದಾಗಿ ಕೂಡಿಸಿಕೊಳ್ಳುವವರಿಗೆ

ಹೃದಯದ ಎಂಆರ್‌ಐಗೆ ಅತ್ಯುತ್ತಮ ಸಮಯ ಸಾಧನ ಕೂಡಿಸುವುದಕ್ಕಿಂತ ಮುಂಚೆ. 60 ವರ್ಷ ದಾಟದವರಿಗೆ ಕಾರಣವಿಲ್ಲದೆ ಹಾರ್ಟ್ ಬ್ಲಾಕ್ (ಹೃದಯದೊಳಗಿನ ವಿದ್ಯುತ್ ಸಂಚಾರಕ್ಕೆ ತಡೆ, ರಕ್ತನಾಳದ ಬ್ಲಾಕ್ ಅಲ್ಲ) ಬಂದರೆ, ಅಥವಾ ದುರ್ಬಲ ಹೃದಯಕ್ಕೆ ಐಸಿಡಿ ಹಾಕುವ ಮಾತು ಬಂದರೆ, ಮತ್ತು ರೋಗಿ ಸ್ಥಿರವಾಗಿದ್ದರೆ, ಒಂದೆರಡು ದಿನ ತಡವಾದರೂ ಮೊದಲು ಎಂಆರ್‌ಐ ಮಾಡಿಸಲು ಹೇಳಿ. ಆಗ ಸಿಗುವಷ್ಟು ಶುದ್ಧ ಚಿತ್ರ ಮುಂದೆ ಸಿಗದು. ಸಾಧನ ಆರಿಸುವಾಗ ಜನರೇಟರ್ ಮತ್ತು ತಂತಿ ಒಂದೇ ಕಂಪನಿಯವು, ಎದೆಯ ಸ್ಕ್ಯಾನ್‌ಗೂ ಒಪ್ಪಿಗೆ ಇರುವ ಜೋಡಿ ಎಂದು ಬರೆಸಿಕೊಳ್ಳಿ. ಮುಂದೆ ತಂತಿ ಕೆಟ್ಟರೆ ಹಳೆಯದನ್ನು ಒಳಗೇ ಬಿಡುವ ಮುನ್ನ ಎಂಆರ್‌ಐ ಬೇಕಾಗಬಹುದೇ ಎಂದು ವೈದ್ಯರ ಜೊತೆ ಮಾತಾಡಿ.

ಸ್ಕ್ಯಾನ್ ದಿನ ಮತ್ತು ಅದರ ಮರುದಿನ

ಮೈಮೇಲಿನ ಲೋಹವೆಲ್ಲ ತೆಗೆಯಬೇಕು: ತಾಳಿ, ಕಾಲುಂಗುರ, ಬೆಳ್ಳಿ ಉಡದಾರ, ತಾಯತ, ಲಿಂಗದ ಕರಡಿಗೆ. ಬೆಳ್ಳಿ ಬಂಗಾರವನ್ನು ಆಯಸ್ಕಾಂತ ಎಳೆಯದಿದ್ದರೂ ಸೊಂಟದ ಸುತ್ತ ಕೂಡಿಕೊಂಡ ಉಡದಾರದಲ್ಲಿ ವಿದ್ಯುತ್ ಹರಿದು ಚರ್ಮ ಸುಡಬಹುದು, ಕರಡಿಗೆಯ ಕೀಲಿನಲ್ಲಿ ಉಕ್ಕಿರಬಹುದು. ಹಿರಿಯರು ಇವನ್ನು ತೆಗೆಯಲು ಹಿಂಜರಿಯುತ್ತಾರೆ. ಮನೆಯಲ್ಲೇ ಸಮಾಧಾನವಾಗಿ ಹೇಳಿ ಬನ್ನಿ, ಬಾಗಿಲ ಮುಂದೆ ಒತ್ತಾಯ ಮಾಡುವಂತಾಗಬಾರದು. ಒಟ್ಟು 45ರಿಂದ 60 ನಿಮಿಷ ಮಲಗಬೇಕು, ಹತ್ತು ಹದಿನೈದು ಸೆಕೆಂಡ್ ಉಸಿರು ಹಿಡಿಯುವುದನ್ನು ಮತ್ತೆ ಮತ್ತೆ ಮಾಡಬೇಕು. ಮನೆಯಲ್ಲಿ ಎರಡು ದಿನ ಅಭ್ಯಾಸ ಮಾಡಿದರೆ ಸುಲಭ. ಜನರೇಟರ್ ಜಾಗದಲ್ಲಿ ಬಿಸಿ, ಎಳೆತ, ತಲೆಸುತ್ತು ಎನಿಸಿದರೆ ಕೈಯಲ್ಲಿ ಕೊಟ್ಟ ಬಲ್ಬ್ ಒತ್ತಬೇಕು, ತಡೆದುಕೊಳ್ಳಬಾರದು. ಹೃದಯ ನಿಂತಂಥ ತುರ್ತಿನಲ್ಲಿ ಸಿಬ್ಬಂದಿ ಮೊದಲು ರೋಗಿಯನ್ನು ಕೋಣೆಯ ಹೊರಗೆ ತರುತ್ತಾರೆ, ಡಿಫಿಬ್ರಿಲೇಟರ್ ಒಳಗೆ ಒಯ್ಯುವುದಿಲ್ಲ. ಆಯಸ್ಕಾಂತ ಎಂದೂ ಆಫ್ ಇರುವುದಿಲ್ಲ.

ಲೂಪ್ ರೆಕಾರ್ಡರ್ (ಚರ್ಮದಡಿ ಇಟ್ಟು ಹೃದಯದ ಲಯ ದಾಖಲಿಸುವ ಚಿಕ್ಕ ಸಾಧನ) ಇದ್ದವರು ಸ್ಕ್ಯಾನ್‌ಗೆ ಮುಂಚೆಯೇ ಅದರ ದಾಖಲೆ ಇಳಿಸಿಕೊಳ್ಳಬೇಕು, ಆಮೇಲೆ ಅದರಲ್ಲಿ ಸುಳ್ಳು ಲಯ ತುಂಬಿರುತ್ತದೆ. ಬಾಸ್ಟನ್ ಸೈಂಟಿಫಿಕ್ ಐಸಿಡಿಗಳಲ್ಲಿ ಎಚ್ಚರಿಕೆಯ ಬೀಪ್ ಸದ್ದು ಎಂಆರ್‌ಐ ನಂತರ ಕಾಯಂ ಆಗಿ ಹೋಗಬಹುದು. ಆ ಸದ್ದನ್ನೇ ನಂಬಿದವರಿಗೆ ಮನೆಯ ಮಾನಿಟರ್ ಅಥವಾ ಪದೇ ಪದೇ ತಪಾಸಣೆ ಬೇಕಾಗುತ್ತದೆ.

ಸ್ಕ್ಯಾನ್ ಮುಗಿದ ಕೂಡಲೇ ಸಾಧನ ಮತ್ತೆ ತಪಾಸಣೆಯಾಗಿ ಹಳೆಯ ಮೋಡ್‌ಗೆ ಬರಬೇಕು. ಐಸಿಡಿ ಇದ್ದವರು ಶಾಕ್ ಚಿಕಿತ್ಸೆ 'ಆನ್' ಎಂದಿರುವ ಪ್ರಿಂಟ್ ಕೈಗೆ ಬಾರದೆ ಆಸ್ಪತ್ರೆ ಬಿಡಬೇಡಿ. ಸ್ಕ್ಯಾನ್‌ನ ಮೊದಲಿನ ಮತ್ತು ಆಮೇಲಿನ ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಥ್ರೆಶ್‌ಹೋಲ್ಡ್ 1 ವೋಲ್ಟ್ ಅಥವಾ ಹೆಚ್ಚು ಏರಿದ್ದರೆ, ಬಡಿತ ಗುರುತಿಸುವ ಸಿಗ್ನಲ್ ಅರ್ಧಕ್ಕೆ ಇಳಿದಿದ್ದರೆ, ಪೇಸಿಂಗ್ ತಂತಿಯ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಇರುವ ತಡೆ) 50 ಓಮ್ ಅಥವಾ ಶಾಕ್ ತಂತಿಯದು 5 ಓಮ್ ಬದಲಾಗಿದ್ದರೆ ಒಂದು ವಾರದೊಳಗೆ ಮತ್ತೆ ತಪಾಸಣೆ ಮಾಡಿಸಬೇಕು. ಏನೂ ಬದಲಾಗದಿದ್ದರೆ ಮುಂದಿನ ಭೇಟಿ ಮೂರರಿಂದ ಆರು ತಿಂಗಳೊಳಗೆ ಸಾಕು.